ನೀರು ತಾಕದ ತಿಂಡಿ

ನನ್ನ ಮಾವ ತೀರಿಕೊಂಡ ದಿನ ಚಿಕ್ಕಜಾಜೂರು ಸ್ಟೇಷನ್ ಎದುರಿನ ಅಂಗಡಿಯವರೆಲ್ಲ ಬಾಗಿಲು ಹಾಕಿಕೊಂಡು ಬಂದಿದ್ದರು. ಕಾಲರಾ ಬಂದ ವರ್ಷ ಉಳಿದ ಹೋಟೆಲಿನವರು ಬೀಗ ಹಾಕಿಕೊಂಡು ಓಡಿಹೋದಾಗ ಇವರೊಬ್ಬರೇ ನಿಂತು ಜನರ ಹೊಟ್ಟೆಗೆ ಹಾಕಿದರು ಎಂದು ಒಬ್ಬರು ಹೇಳಿದರು. ಎಂಥ ಧೈರ್ಯ, ಎಂಥ ತಲೆ ಎಂದು ಇನ್ನೊಬ್ಬರು ಕಣ್ಣೊರೆಸಿಕೊಂಡರು. ನಾನು ಹೆಣದ ತಲೆಯ ಹತ್ತಿರ ಕುಳಿತಿದ್ದೆ. ಹೆಣದ ಮುಂದೆ ಜಗಳ ತೆಗೆಯಬಾರದು ಎಂಬ ಒಂದೇ ಕಾರಣಕ್ಕೆ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಈಗ ಹೆಣವೂ ಇಲ್ಲ, ಹೋಟೆಲೂ ಇಲ್ಲ. ಬರೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ನನಗೆ ಸಿಟ್ಟು ಬರುವುದು ಬೇಗ, ಇಳಿಯುವುದು ನಿಧಾನ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಷ್ಟು ಕಾಲವಾದರೂ ಈಕೆಗೆ ಸಮಾಧಾನವಾಗಿಲ್ಲವಲ್ಲ ಎಂದು ಓದುವವರಿಗೆ ಅನ್ನಿಸಬಹುದು. ಆಗಿಲ್ಲ. ಎಪ್ಪತ್ತರ ದಶಕದ ಆ ಬೇಸಿಗೆಯಲ್ಲಿ ನನ್ನ ಅವ್ವನ ಮುಖಕ್ಕೆ ಮಸಿ ಬಳಿದವರು ಹೂವಿನ ಹಾರ ಹಾಕಿಸಿಕೊಂಡು ಹೋದರು. ಆ ಮಸಿ ಮಾತ್ರ ಅವ್ವನ ಮುಖದಲ್ಲೇ ಉಳಿಯಿತು. ಸಮಾಧಾನ ಎಲ್ಲಿಂದ ತರಲಿ?

ನಮ್ಮದು ಸ್ಟೇಷನ್ ಎದುರಿನ ಹೆಂಚಿನ ಹೋಟೆಲ್. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಮುದ್ದೆ ಊಟ, ಸಂಜೆ ಮೆಣಸಿನಕಾಯಿ ಬಜ್ಜಿ, ಟೀ. ಜಂಕ್ಷನ್ ಆದ್ದರಿಂದ ಚಿತ್ರದುರ್ಗದ ಕಡೆಯ ಗಾಡಿಗೆ ಕಾಯುವವರು, ಹಳಿ ರಿಪೇರಿಯ ಗ್ಯಾಂಗಿನವರು, ಡ್ಯೂಟಿ ಮುಗಿಸಿದ ರೈಲ್ವೆ ನೌಕರರು, ಸಂತೆಗೆ ಕುರಿ ಹೊಡೆದುಕೊಂಡು ಹೋಗುವವರು, ಹೀಗೆ ಜನಕ್ಕೆ ಬರವಿರಲಿಲ್ಲ. ಮಾವ ಬಿಳಿ ಪಂಚೆ ಉಟ್ಟು ಗಲ್ಲಾದ ಹಿಂದೆ ಕೂರುತ್ತಿದ್ದರು. ನನ್ನ ಗಂಡ ಒಲೆಯ ಮುಂದೆ. ಅವರಿಗೆ ದೇವರು ಬಾಯಿ ಕೊಟ್ಟಿದ್ದು ಒಲೆ ಊದುವುದಕ್ಕೆ ಮಾತ್ರ ಎಂದು ನಾನು ಮದುವೆಯಾದ ಮೊದಲ ವರ್ಷವೇ ತಿಳಿದುಕೊಂಡಿದ್ದೆ. ನಾನು ಹಿಂದಿನ ಅಡುಗೆಮನೆಯಲ್ಲಿ. ಅಡುಗೆಮನೆಗೂ ಹೋಟೆಲಿಗೂ ನಡುವೆ ಒಂದು ಗೋಣಿತಟ್ಟಿನ ಪರದೆ ಇತ್ತು. ಮನೆಯ ಹೆಂಗಸರು ಅದನ್ನು ದಾಟಿ ಗಿರಾಕಿಗಳ ಕಣ್ಣಿಗೆ ಬೀಳುವ ಹಾಗಿರಲಿಲ್ಲ.

ಅತ್ತೆ ತೀರಿಕೊಂಡು ಹಿಂದಿನ ಕೆಲಸಕ್ಕೆ ಕೈ ಸಾಲದಾದಾಗ ಮಾವ ತಾವೇ ನನ್ನ ತವರು ತಾಳ್ಯಕ್ಕೆ ಹೋಗಿದ್ದರು. ನನ್ನ ಅಪ್ಪ ಅದಕ್ಕೂ ಮೊದಲೇ ಇಲ್ಲವಾಗಿದ್ದ. "ಸ್ವಲ್ಪ ದಿವಸ ಮಗಳ ಜೊತೆ ಇರ್ರಿ ಬೀಗ್ತಿ, ನಿಮಗೂ ಬ್ಯಾಸರ ಹೋಗ್ತೈತೆ" ಎಂದು ನಯವಾಗಿ ಮಾತಾಡಿ ಅವ್ವನನ್ನು ಕರೆತಂದರು. ಬಂದ ದಿನ ಮಣೆ ಹಾಕಿ, ತುಪ್ಪ ಬಡಿಸಿ ಉಪಚಾರ ಮಾಡಿದರು. ಮಾರನೆಯ ಬೆಳಿಗ್ಗೆ ರುಬ್ಬುವ ಕಲ್ಲು ತೋರಿಸಿದರು. ಬೀಗ್ತಿ ಎಂಬ ಮಾತು ವಾರದಲ್ಲೇ ಮರೆತುಹೋಯಿತು. ಗಿರಾಕಿಗಳು ಕೇಳಿದರೆ "ತಾಳ್ಯದಾಕೆ, ಕೆಲಸಕ್ಕೆ ಅದಾಳೆ" ಎನ್ನುತ್ತಿದ್ದರು. ಪರದೆಯ ಹಿಂದೆ ಅವ್ವನಿಗೂ ನನಗೂ ಅದು ಕೇಳಿಸುತ್ತಿತ್ತು. ಅವ್ವ ಕಲ್ಲು ತಿರುಗಿಸುತ್ತ, "ಅನ್ಲಿ ಬಿಡೇ, ನಿನ್ನ ಬಾಳು ನೆಟ್ಟಗಿದ್ರೆ ಸಾಕು" ಎನ್ನುತ್ತಿದ್ದಳು. ಆಗ ನನ್ನ ಸಿಟ್ಟು ಮಾವನನ್ನು ಬಿಟ್ಟು ಅವ್ವನ ಮೇಲೆ ತಿರುಗುತ್ತಿತ್ತು.

ರೋಗ ಮೊದಲು ಹಿರಿಯೂರಿನ ಕಡೆ ಕಾಣಿಸಿಕೊಂಡಿತು ಎಂದರು. ಧರ್ಮಪುರದ ಬಸ್ಸಿನಲ್ಲಿ ಬಂದವರು ಹೇಳಿದ ಸುದ್ದಿ. ಆಮೇಲೆ ಹೊಸದುರ್ಗದ ಹಳ್ಳಿಗಳು, ಆಮೇಲೆ ನಮ್ಮ ಹೊಳಲ್ಕೆರೆ ತಾಲ್ಲೂಕು. ಜನ ಕಾಲರಾ ಎನ್ನುತ್ತಿರಲಿಲ್ಲ. ವಾಂತಿಭೇದಿ ಎನ್ನುತ್ತಿದ್ದರು, ಅದನ್ನೂ ದನಿ ತಗ್ಗಿಸಿ. ಗಾಡಿ ಇಳಿದವರು ನಮ್ಮ ಹೋಟೆಲಿನ ಕಡೆ ನೋಡಿ, ತಮ್ಮ ಕೈಚೀಲದ ಬುತ್ತಿ ಮುಟ್ಟಿ ನೋಡಿಕೊಂಡು ಮುಂದೆ ಹೋಗುತ್ತಿದ್ದರು. ಬೆಂಚುಗಳು ಖಾಲಿಯಾದವು. ಎದುರಿನ ಹೋಟೆಲಿನವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ತನ್ನ ಊರಿಗೆ ಹೋದ.

ಹೆಲ್ತ್ ಇನ್ಸ್‌ಪೆಕ್ಟರ್ ಸೈಕಲ್ಲಿನಲ್ಲಿ ಬಂದ. ಅವನೂ ಈ ಕಡೆಯವನೇ, ಹೊಸದುರ್ಗದ ಹತ್ತಿರದ ಹಳ್ಳಿ. ಗಲ್ಲಾದ ಮುಂದೆ ನಿಂತು ಒಂದೇ ಉಸಿರಿಗೆ ಹೇಳಿದ.

"ಚಟ್ನಿ ಬಂದ್. ಮಜ್ಜಿಗೆ ಬಂದ್. ಹಸಿ ಈರುಳ್ಳಿ ಹೆಚ್ಚಿ ಇಡಂಗಿಲ್ಲ. ಕುಡಿಯಾಕೆ ಕಾಯ್ಸಿ ಆರಿಸಿದ ನೀರೇ ಕೊಡ್ಬೇಕು. ತಿಂಡಿ ಮ್ಯಾಲೆ ನೊಣ ಕುಂತಿದ್ದು ಕಂಡ್ರೆ ಬಾಗ್ಲು ಹಾಕಿಸ್ತೀನಿ ನೋಡ್ರಿ ಯಜಮಾನ್ರೆ."

ಹಿತ್ತಿಲ ಬಾವಿಗೆ ಬ್ಲೀಚಿಂಗ್ ಪುಡಿ ಸುರಿಸಿ, ನಮಗೆಲ್ಲ ಸೂಜಿ ಚುಚ್ಚಿಸಿ ಹೋದ. ಅವ್ವನ ತೋಳು ಬಾತುಕೊಂಡು ಜ್ವರ ಬಂತು. ಜ್ವರದಲ್ಲೇ ರುಬ್ಬಿದಳು.

ಮಾವ ಬಾಗಿಲು ಹಾಕುವ ಜಾತಿಯವರಲ್ಲ. ಒಪ್ಪಬೇಕಾದ್ದನ್ನು ಒಪ್ಪುತ್ತೇನೆ, ಅವರ ತಲೆ ಓಡುತ್ತಿತ್ತು. ಬಡಗಿಯನ್ನು ಕರೆಸಿ ತಿಂಡಿ ಇಡುವುದಕ್ಕೆ ಜಾಲರಿ ಬಾಗಿಲಿನ ಬೀರು ಮಾಡಿಸಿದರು. ಲೋಟ ಅದ್ದಿ ತೆಗೆಯುವ ಬಕೆಟ್ಟನ್ನು ಹಿಂದಕ್ಕೆ ಸಾಗಿಸಿ, ಲೋಟಗಳಿಗೆ ಎಲ್ಲರಿಗೂ ಕಾಣುವ ಹಾಗೆ ಹೊಗೆಯಾಡುವ ಬಿಸಿನೀರು ಸುರಿಯಲು ನನ್ನ ಗಂಡನಿಗೆ ಹೇಳಿದರು. ಇಡ್ಲಿ ತಟ್ಟೆಯನ್ನು ಗಿರಾಕಿಯ ಮುಂದೆಯೇ ತೆರೆಯಬೇಕು ಎಂದರು. ಕಷ್ಟ ಬಂದದ್ದು ಕುಡಿಯುವ ನೀರಿನಲ್ಲಿ.

ನಮ್ಮ ಕಡೆ ಕಾಯಿಸಿ ಆರಿಸಿದ ನೀರು ಎಂದರೆ ಅದು ಬಾಣಂತಿಯ ನೀರು. ಹೆತ್ತ ಹೆಂಗಸಿಗೆ, ಬಿಟ್ಟರೆ ಹಾಸಿಗೆ ಹಿಡಿದವರಿಗೆ. ಗಂಡಸರು ಅದನ್ನು ಕೈಯಲ್ಲಿ ಹಿಡಿಯುವುದಕ್ಕೂ ನಾಚುತ್ತಿದ್ದರು. ಒಬ್ಬ ಕುರಿಗಾರ ಲೋಟ ಎತ್ತಿ ಒಂದು ಗುಟುಕು ಕುಡಿದು, "ಏನ್ರಿ ಯಜಮಾನ್ರೆ, ನಾನೇನು ಹಡೆದು ಮಲಗೀನಾ, ಇಂಥ ನೀರು ಕುಡಿಯಾಕೆ" ಎಂದ. ಬೆಂಚಿನವರೆಲ್ಲ ನಕ್ಕರು. ಅವನು ಎದ್ದು ಹೋಗಿ ಸ್ಟೇಷನ್ನಿನ ನಲ್ಲಿಗೆ ಬಾಯಿ ಕೊಟ್ಟ. ಮಾರನೆಯ ದಿನ ಮಾವ ಆರಿದ ನೀರಿನ ಹಂಡೆಗೆ ಲಾವಂಚದ ಬೇರಿನ ಕಟ್ಟು ಇಳಿಬಿಟ್ಟು, ಇದು ಲಾವಂಚದ ನೀರು, ದೇಹಕ್ಕೆ ತಂಪು ಎಂದರು. ಅದೇ ಕುರಿಗಾರ ಎರಡೆರಡು ಲೋಟ ಕುಡಿದ. ಬಾಣಂತಿಯ ನೀರು ಎಂಬ ಮಾತು ಮಾತ್ರ ಅಣಕಕ್ಕೆ ಉಳಿದುಕೊಂಡಿತು.

ಊಟ ನಿಲ್ಲಿಸಬೇಕಾಯಿತು. ಮಜ್ಜಿಗೆ ಇಲ್ಲ, ಹಸಿ ಈರುಳ್ಳಿ ಇಲ್ಲ, ಕೂತು ಉಣ್ಣುವವರೂ ಇಲ್ಲ. ಆಗ ಮಾವನಿಗೆ ಮಂಡಕ್ಕಿಯ ಉಪಾಯ ಹೊಳೆಯಿತು.

ಮಂಡಕ್ಕಿ ಎಂದರೆ ನಮ್ಮ ಜನಕ್ಕೆ ಒಣಗಿದ್ದು, ಹಗುರ, ನಿರಪಾಯ. ಜ್ವರ ಬಿಟ್ಟವರ ಬಾಯಿಗೆ ಮೊದಲು ಹಾಕುವುದು ಮಂಡಕ್ಕಿ. ಭಟ್ಟಿಯ ಕಾದ ಮರಳಿನಲ್ಲಿ ಹುರಿದು ಅರಳಿದ್ದರಲ್ಲಿ ರೋಗ ಎಲ್ಲಿಂದ ಬರಬೇಕು? ಮಾವ ಹಲಗೆಯ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಬರೆಸಿದರು: ಇಲ್ಲಿ ನೀರು ತಾಕದ ತಿಂಡಿ ದೊರೆಯುತ್ತದೆ. ಬೆಳಗಿನಿಂದ ಸಂಜೆಯ ತನಕ ಒಗ್ಗರಣೆ ಮಂಡಕ್ಕಿ. ಕಾಗದದಲ್ಲಿ ಕಟ್ಟಿ ಗಾಡಿಯ ಕಿಟಕಿಗೂ ಕೊಡಿಸಿದರು. ಬೆಂಚುಗಳು ಮತ್ತೆ ತುಂಬಿದವು. ಇನ್ಸ್‌ಪೆಕ್ಟರ್ ಬಂದವನು ಹಲಗೆ ಓದಿ, "ಇದು ಒಳ್ಳೇದು ಮಾಡಿದ್ರಿ" ಎಂದು ಹೊಗಳಿ ತಾನೂ ಒಂದು ತಟ್ಟೆ ತಿಂದ.

ಅವನು ತಿಂದದ್ದು ಮೆತ್ತಗಿತ್ತು. ಒಗ್ಗರಣೆ ಮಂಡಕ್ಕಿ ಯಾವಾಗಲೂ ಮೆತ್ತಗೇ ಇರುತ್ತದೆ. ಗರಿಗರಿಯಾದ ಒಣ ಮಂಡಕ್ಕಿ ತಟ್ಟೆಗೆ ಬರುವ ಹೊತ್ತಿಗೆ ಮೆತ್ತಗಾದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಬೇರೆ ಸೀಮೆಯವನೊಬ್ಬ ಇದ್ದಿದ್ದರೆ ಕೇಳುತ್ತಿದ್ದನೇನೋ. ನಮ್ಮವರು ಹಲ್ಲು ಬಂದಾಗಿನಿಂದ ತಿಂದ ತಿಂಡಿ, ಅದರ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಪರದೆಯ ಹಿಂದೆ ಒಂದು ದೊಡ್ಡ ಕೊಳಗ ಇತ್ತು. ಅದರ ತುಂಬ ನೀರು. ಮಂಡಕ್ಕಿ ಸುರಿದು, ಕೈಯಾಡಿಸಿ, ನೆನೆದದ್ದನ್ನು ಅಂಗೈಯಲ್ಲಿ ಹಿಂಡಿ ಬುಟ್ಟಿಗೆ ಹಾಕುವುದು. ಒಗ್ಗರಣೆಯನ್ನು ಬೆಳಿಗ್ಗೆಯೇ ಬೇರೆ ಮಾಡಿಟ್ಟು, ಆರಿದ ಮೇಲೆ ಇದಕ್ಕೆ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸುವುದು. ತೊಯ್ಸಿದ ಮೇಲೆ ಅದು ಬೆಂಕಿಯ ಮುಖ ನೋಡುತ್ತಿರಲಿಲ್ಲ. ಕೊಳಗಕ್ಕೆ ಕಾಯಿಸಿದ ನೀರು ಹಾಕಬೇಕೆಂದು ಇನ್ಸ್‌ಪೆಕ್ಟರ್ ಹೇಳಿರಲಿಲ್ಲ. ಅವನು ಹೇಳಿದ್ದು ಕುಡಿಯುವ ನೀರು. ಮಂಡಕ್ಕಿಯನ್ನು ಯಾರು ಕುಡಿಯುತ್ತಾರೆ?

ಮೊದಮೊದಲು ಹಿತ್ತಿಲ ಬಾವಿಯ ನೀರೇ ಹಾಕಿದೆವು. ಬ್ಲೀಚಿಂಗ್ ವಾಸನೆ ಮಂಡಕ್ಕಿಗೆ ಹಿಡಿಯಿತು. ಆಸ್ಪತ್ರೆ ತಿಂದ ಹಾಗಿದೆ ಎಂದು ಒಬ್ಬಿಬ್ಬರು ಮೂಗು ಮುರಿದರು. ಮಾವ ಆ ದಿನವೇ ಹಳಿಯ ಆಚೆಯ ಮೆಟ್ಟಿಲು ಬಾವಿಯಿಂದ ಎತ್ತಿನ ಗಾಡಿಯಲ್ಲಿ ಪೀಪಾಯಿ ತುಂಬಿಸಿ ತರಿಸಿದರು. ಆ ಬಾವಿಗೆ ಪುಡಿ ಹಾಕಿರಲಿಲ್ಲ.

ಅವ್ವ ಅನುಮಾನಿಸುತ್ತ ಕೇಳಿದಳು. "ಅಲ್ಲಿ ಮಂದಿ ಇಳಿದು ಬಟ್ಟೆ ಒಗೀತಾರಲ್ರಿ ಬೀಗರೆ. ಮೊನ್ನೆ ರೋಗದ ಮನೇರದ್ದೂ ಒಗೀತಿದ್ರಂತೆ."

"ಮ್ಯಾಲಿನ ನೀರು ತರಿಸೀನಿ. ತೊಯ್ಸು ಅಂದ್ರೆ ತೊಯ್ಸು. ಕುಡಿಯಾಕಾ ಕೊಡ್ತಾ ಇದೀವಿ?"

ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮಾವನಿಗೆ ಗೊತ್ತಿರಲಿಲ್ಲ ಎಂದು ಅವರ ಪರವಾಗಿ ಮಾತಾಡುವವರು ಇದನ್ನು ಎರಡು ಸಲ ಓದಲಿ.

ಅದಾದ ಮೇಲೆ ನಮ್ಮ ಓಣಿಯಲ್ಲೇ ರೋಗ ಕಾಣಿಸಿಕೊಂಡಿತು. ದಿನಾ ನಮ್ಮಲ್ಲಿ ತಿನ್ನುತ್ತಿದ್ದ ಗ್ಯಾಂಗಿನವನೊಬ್ಬ ಮಲಗಿದ. ಮನೆಗೆ ಕಟ್ಟಿಸಿಕೊಂಡು ಹೋಗುತ್ತಿದ್ದ ರೈಲ್ವೆಯವರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಮಲಗಿದರು. ಆಮೇಲೆ ಸ್ಟೇಷನ್ನಿನ ಹಮಾಲಿ ಸತ್ತ. ಬಡಪಾಯಿ, ಬೆಳಿಗ್ಗೆ ನಮ್ಮ ಬೆಂಚಿನ ಮೇಲೆ ಕುಳಿತು ತಿಂದು, ಕೈ ಒರೆಸಿಕೊಂಡು, ನನ್ನ ಗಂಡನ ಹತ್ತಿರ ಬೀಡಿಗೆ ಬೆಂಕಿ ಕೇಳಿದ್ದ. ಹೋಟೆಲಿನ ಕಡೆ ಜನ ಬೆರಳು ತೋರಿಸಿ ಮಾತಾಡುವುದಕ್ಕೆ ಶುರು ಮಾಡಿದರು. ಬೆಂಚುಗಳು ಮತ್ತೆ ಖಾಲಿ.

ಆ ವಾರ ಅವ್ವ ತಾಳ್ಯಕ್ಕೆ ಹೋಗಿ ಬಂದಿದ್ದಳು, ತಂಗಿಯನ್ನು ನೋಡುವುದಕ್ಕೆ. ತಾಳ್ಯದಲ್ಲೂ ಒಂದೆರಡು ಮನೆಯಲ್ಲಿ ಕಾಯಿಲೆ ಇತ್ತು. ಯಾವ ಊರಲ್ಲಿ ಇರಲಿಲ್ಲ? ಮಾವನಿಗೆ ಅಷ್ಟು ಸಾಕಾಯಿತು.

ಮಧ್ಯಾಹ್ನದ ಗಾಡಿ ಬರುವ ಹೊತ್ತು. ಸ್ಟೇಷನ್ ಮುಂದೆ ಜನ ನೆರೆದಿದ್ದರು. ಮಾವ ಒಳಗೆ ಬಂದು, ಗೋಡೆಯ ಗೂಟಕ್ಕೆ ನೇತುಹಾಕಿದ್ದ ಅವ್ವನ ಬಟ್ಟೆಯ ಗಂಟನ್ನು ತೆಗೆದುಕೊಂಡು ಹೋಗಿ ಹೊರಗಿನ ಬೆಂಚಿನ ಮೇಲೆ ಇಟ್ಟರು. ಆಮೇಲೆ ಪರದೆ ಸರಿಸಿ, "ಬಾರಮ್ಮ ಹೊರಗೆ" ಎಂದರು. ಎಂದೂ ದಾಟಬಾರದ ಪರದೆಯನ್ನು ಅವ್ವ ಹಾಗೆ ದಾಟಿದಳು, ಕೈಗೆ ಅಂಟಿದ ಮಂಡಕ್ಕಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ. ಯಾಕೆ ಕರೆದದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ಯಾರೋ ಪರಿಚಯದವರು ಬಂದಿರಬೇಕು ಎಂದುಕೊಂಡಿದ್ದಳಂತೆ.

"ನೋಡ್ರಪ್ಪ, ಎಲ್ಲಾರೂ ಕೇಳ್ರಿ" ಎಂದರು ಮಾವ, ಗಾಡಿಗೆ ಕಾಯುವವರಿಗೂ ಕೇಳಿಸುವ ಹಾಗೆ. "ಈಕೆ ತಾಳ್ಯದಾಕೆ. ಅಲ್ಲಿ ರೋಗ ಐತೆ. ಅಲ್ಲಿಗೆ ಹೋಗಿ ಬಂದು ನನ್ನ ಹೋಟ್ಲಾಗೆ ಕೈ ಇಟ್ಟಾಳೆ. ನಮಗೆ ತಿಳೀಲಿಲ್ಲ, ತಪ್ಪಾತು. ಈಗ ಕಳಿಸ್ತಾ ಇದೀನಿ. ನಾಳೆಯಿಂದ ಧೈರ್ಯವಾಗಿ ಬರ್ರಿ, ಕುಂತ್ಕಳ್ರಿ, ತಿನ್ರಿ."

ಅವ್ವ ತನ್ನ ಎರಡೂ ಕೈ ನೋಡಿಕೊಂಡಳು. "ನನ್ನ ಕೈಯಾಗೇನೈತೆ ಬೀಗರೆ" ಎಂದಳು. ಬೀಗರೆ ಎಂಬ ಮಾತು ಕೇಳಿ ಜನ ಒಬ್ಬರ ಮುಖ ಒಬ್ಬರು ನೋಡಿದರು. ಕೆಲಸದಾಕೆ ಎಂದುಕೊಂಡಿದ್ದರಲ್ಲ. ಮಾವ ಬೇರೆ ಕಡೆ ಮುಖ ತಿರುಗಿಸಿದರು. ನಾನು ಪರದೆಯ ಒಳಗಿನಿಂದ ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನ ಗಂಡ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ನಾನು ಬಸುರಿ, ಬೀಳುತ್ತೇನೆಂದು ಹೆದರಿದರಂತೆ. ಅವರ ಅಪ್ಪನಿಗೂ ಹೆದರಿದ್ದರು, ಅದನ್ನು ಹೇಳಲಿಲ್ಲ. ಅವ್ವ ಗಂಟು ಎತ್ತಿಕೊಂಡು ಬಸ್ಸಿನ ಕಡೆ ನಡೆದಳು. ಜನ ದಾರಿ ಬಿಟ್ಟರು. ಗೌರವಕ್ಕೆ ಬಿಟ್ಟದ್ದಲ್ಲ.

ಮಾವನ ಮಾತು ಅವಳಿಗಿಂತ ಮೊದಲು ಊರು ಸೇರಿತು. ಅದೇ ಬಸ್ಸಿನ ಜನ, ಅದೇ ಸಂತೆಯ ಜನ. ತಾಳ್ಯದಲ್ಲಿ ಅವಳನ್ನು ಊರ ಹೊರಗೇ ತಡೆದು ನಿಲ್ಲಿಸಿದರು. ಜಾಜೂರಿಗೆ ರೋಗ ಹಚ್ಚಿ ಬಂದಾಕೆ, ಈಗ ನಮಗೂ ಹಚ್ಚುತ್ತಾಳೆ ಎಂದರು. ನನ್ನ ದೊಡ್ಡಪ್ಪನ ಮಗನೊಬ್ಬ ಕುರಿ ಸಾಕಿಕೊಂಡಿದ್ದ. ಅವನು ಕರೆದುಕೊಂಡು ಹೋಗಿ ತನ್ನ ಕುರಿ ಕೂಡುವ ರೊಪ್ಪದ ಪಕ್ಕದ ಗುಡಿಸಲಿನಲ್ಲಿ ಇರಿಸಿದ. ಅವನೇ ಸಂತೆಗೆ ಬಂದಾಗ ನನಗೆ ಈ ಸುದ್ದಿ ಹೇಳಿದ್ದು. "ಕುರಿ ಮರಿ ನೋಡ್ಕಂಡು ಅದಾಳೆ, ಚಿಂತಿ ಮಾಡಬ್ಯಾಡವ್ವ" ಎಂದ. ಆ ಕುರಿಗಳಿಗೆ ಇದ್ದ ಮನುಷ್ಯತ್ವ ಸ್ಟೇಷನ್ ಮುಂದೆ ನಿಂತ ಒಬ್ಬರಿಗೂ ಇರಲಿಲ್ಲ.

ಅವ್ವ ಹೋದ ಮೇಲೆ ಕೊಳಗಕ್ಕೆ ನಾನು ಕೈ ಹಾಕಿದೆ. ಮಾವ ಹೇಳಿದ ಹಾಗೆ ಗಿರಾಕಿಗಳು ಬಂದರು. ರೋಗ ತಂದವಳು ಹೋದಳಲ್ಲ, ಇನ್ನೇನು ಭಯ? ಬಂದರು, ಕುಂತರು, ತಿಂದರು. ಹೀಗೆ ಹೋಟೆಲ್ ಮತ್ತೆ ಎದ್ದು ನಿಂತಿತು. ಜಾಲರಿ ಬೀರು, ಲಾವಂಚದ ನೀರು, ನೀರು ತಾಕದ ತಿಂಡಿ, ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ನನ್ನ ಅವ್ವನನ್ನು ಬೆಂಚಿನ ಮುಂದೆ ನಿಲ್ಲಿಸಿದ್ದು. ಮಾವನ ವ್ಯಾಪಾರದಲ್ಲಿ ಅದೂ ಒಂದು ಏರ್ಪಾಡು.

ಆದರೆ ಜನ ಮಲಗುವುದು ನಿಲ್ಲಲಿಲ್ಲ. ಗಾಡಿಗೆ ಕಾಯುತ್ತ ತಿಂದಿದ್ದ ಒಬ್ಬ ಪ್ಲಾಟ್‌ಫಾರಮ್ಮಿನಲ್ಲೇ ಕುಸಿದ. ಬರೀ ಟೀ ಕುಡಿದು ಹೋಗುವ ಸ್ಟೇಷನ್ ಮಾಸ್ತರರಿಗೆ ಏನೂ ಆಗಲಿಲ್ಲ. ಅವ್ವ ಇಲ್ಲ, ಚಟ್ನಿ ಇಲ್ಲ, ಮಜ್ಜಿಗೆ ಇಲ್ಲ. ಕುಡಿಯುವುದು ಕಾಯಿಸಿದ್ದು. ಹಾಗಾದರೆ ಬದಲಾಗದೆ ಉಳಿದದ್ದು ಯಾವುದು? ಮೊಣಕೈ ತನಕ ಕೈ ಮುಳುಗಿಸಿಕೊಂಡು ಕುಳಿತಿದ್ದ ನನಗೆ ಅದು ಅಲ್ಲೇ ಕಾಣಿಸಿತು. ಕೈ ಹೊರಗೆ ತೆಗೆದೆ. ಬಿಸಿನೀರಿನಲ್ಲಿ ಉಜ್ಜಿ ತೊಳೆದೆ, ಆಮೇಲೆ ಸಿಟ್ಟು ಬಂತು.

ಮಾವ ಒಳಗೆ ಬಂದಾಗ ಹೇಳಿದೆ. "ಮಾವ, ರೋಗ ಈ ಕೊಳಗದಾಗೆ ಐತೆ. ಮೆಟ್ಟಿಲು ಬಾವಿ ನೀರು ಬ್ಯಾಡ. ಕಾಯ್ಸಿದ್ದು ಹಾಕ್ತೀನಿ."

ಅವರು ಕೊಳಗದ ಕಡೆ ನೋಡಲೂ ಇಲ್ಲ. "ಅಷ್ಟು ನೀರು ಕಾಯ್ಸಾಕೆ ಸೌದೆ ಎಲ್ಲಿಂದ ತರ್ಲಿ? ಮತ್ತೆ, ಈಗ ನೀರು ಬದ್ಲಾಯಿಸಿದ್ರೆ ಮಂದಿ ಏನಂತಾರೆ? ನೀರು ತಾಕದ ತಿಂಡಿ ಅಂತ ಹಲಗಿ ಹಾಕೀನಿ. ಬಾಯಿ ಮುಚ್ಕಂಡು ಕೆಲ್ಸ ನೋಡು."

"ನಮ್ಮವ್ವನ್ನ ರೋಗ ತಂದಾಕೆ ಅಂದ್ರಲ್ಲ."

"ಯಾರನ್ನೋ ಒಬ್ಬರನ್ನ ಅನ್ಬೇಕಿತ್ತು" ಎಂದು ಅವರು ಹೊರಗೆ ಹೋದರು.

ಇನ್ಸ್‌ಪೆಕ್ಟರ್ ಬರುವ ದಿನದವರೆಗೆ ನಾನು ಲಾವಂಚದ ಹಂಡೆಯ ನೀರನ್ನೇ ಕದ್ದು ಕೊಳಗಕ್ಕೆ ಸುರಿದೆ. ಕುಡಿಯುವ ನೀರು ಹೊತ್ತಿಗೆ ಮೊದಲೇ ಮುಗಿಯುತ್ತಿತ್ತು, ಮಾವ ಗುಡುಗುತ್ತಿದ್ದರು. ಗುಡುಗಲಿ ಎಂದು ಬಿಟ್ಟೆ. ಗಂಡನಿಗೆ ಹೇಳಿದೆ. ಅವರು ಒಲೆಗೆ ಇನ್ನೊಂದು ಸೌದೆ ಇಟ್ಟರು, ಅಷ್ಟೇ. ಅದು ಒಪ್ಪಿಗೆಯೋ ಭಯವೋ ನನಗೆ ಇವತ್ತಿಗೂ ತಿಳಿದಿಲ್ಲ.

ಇನ್ಸ್‌ಪೆಕ್ಟರ್ ಬಂದ ದಿನ ಬೆಂಚಿನ ತುಂಬ ಜನ. ಇಷ್ಟು ಕಟ್ಟುನಿಟ್ಟು ಮಾಡಿದರೂ ಮೊನ್ನೆ ತನಕ ಇಲ್ಲಿ ಜನ ಮಲಗುತ್ತಿದ್ದದ್ದು ಯಾಕೆ ಎಂದು ಅವನು ಕೇಳುತ್ತಿದ್ದ. ಮಾವ ಹಲಗೆ ತೋರಿಸಿ, ನನ್ನ ಹೋಟೆಲಿನಲ್ಲಿ ನೀರೇ ತಾಕದ ತಿಂಡಿ, ತಂದವಳನ್ನೂ ಕಳಿಸಿದ್ದಾಯಿತು, ಇನ್ನು ದೇವರೇ ಕಾಪಾಡಬೇಕು ಎನ್ನುತ್ತಿದ್ದರು. ನಾನು ಪೀಪಾಯಿಯಿಂದ ಮೆಟ್ಟಿಲು ಬಾವಿಯ ನೀರು ಬಗ್ಗಿಸಿ ಕೊಳಗದ ತಳಕ್ಕೆ ಹಾಕಿದೆ. ಹೊಟ್ಟೆ ಮುಂದಿಟ್ಟುಕೊಂಡು, ಕೊಳಗ ಎತ್ತಿಕೊಂಡು ಪರದೆ ದಾಟಿ ಹೊರಗೆ ಬಂದೆ. ಬೆಂಚಿನವರು ಎದ್ದು ನಿಂತರು. ಗಲ್ಲಾದ ಮುಂದೆ ಅದನ್ನಿಟ್ಟು, ಮಡಿಲಲ್ಲಿ ತಂದಿದ್ದ ಮಂಡಕ್ಕಿ ಸುರಿದು, ಕೈಯಾಡಿಸಿ, ಎಲ್ಲರೂ ನೋಡುತ್ತಿದ್ದ ಹಾಗೆ ಹಿಂಡಿದೆ. ಕಲಸುವುದು ಹೇಗೆ ಎಂದೂ ತೋರಿಸಿದೆ. ತಟ್ಟೆಗೆ ಹಾಕಿ ಮಾವನ ಮುಂದೆ ಇಟ್ಟೆ.

"ಇದೇ ನೋಡ್ರಿ ನೀರು ತಾಕದ ತಿಂಡಿ. ಹಳಿ ಆಚೆ ಮೆಟ್ಟಿಲು ಬಾವಿ ನೀರು. ಮಾವ, ನೀವು ಮೊದ್ಲು ತಿನ್ರಿ."

ಮಾವ ತಟ್ಟೆ ನೋಡಿದರು, ನನ್ನನ್ನು ನೋಡಿದರು. ತಿಂದುಬಿಟ್ಟಿದ್ದರೆ ನಾನು ಹುಚ್ಚಿಯಾಗುತ್ತಿದ್ದೆ. ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವರ ಕೈ ಗಲ್ಲಾದ ಮೇಲಿಂದ ಏಳಲಿಲ್ಲ. ಆ ಕುರಿಗಾರ ಬೆಂಚಿನ ಮೇಲೆ ತನ್ನ ತಟ್ಟೆ ಇಟ್ಟು ಹೊರಗೆ ಹೋಗಿ ಬಾಯಲ್ಲಿದ್ದದ್ದನ್ನು ಉಗಿದ. ಇನ್ಸ್‌ಪೆಕ್ಟರ್ ಮುಖ ಕೆಂಪಗೆ ಮಾಡಿಕೊಂಡು, ಆ ಹೊತ್ತಿಗೇ ಬಾಗಿಲು ಹಾಕಿಸಿದ. ಮೆಟ್ಟಿಲು ಬಾವಿಗೆ ಪುಡಿ ಹಾಕಿಸುವುದಕ್ಕೂ ಅವನೇ ಓಡಿದ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬಾಗಿಲು ತೆಗೆಯಲು ಅಪ್ಪಣೆ ಸಿಕ್ಕಿದ ದಿನ ಮಾವ ಹೊಸ ಹಲಗೆ ಬರೆಸಿದರು: ಕಾಯಿಸಿ ಆರಿಸಿದ ನೀರಿನಲ್ಲಿ ತೊಯ್ಸಿದ ಮಂಡಕ್ಕಿ. ಕೊಳಗವನ್ನು ಹೊರಗೆ, ಜನರ ಕಣ್ಣೆದುರಿಗೆ ಇರಿಸಿದರು. ನನ್ನ ಸೊಸೆ ಓದಿದಾಕೆ, ನಾನೇ ಹೇಳಿ ಹಾಗೆ ಪರೀಕ್ಷೆ ಮಾಡಿಸಿದೆ ಎಂದು ಹೇಳಿಕೊಂಡು ತಿರುಗಿದರು. ಜನ ನಂಬಿದರು. ನಂಬುವುದು ಸುಲಭವಾಗಿತ್ತು, ಹಸಿವಾಗಿತ್ತಲ್ಲ. ಬೇಸಿಗೆ ಕಳೆದು ರೋಗ ತಗ್ಗಿದಾಗ ಚಿಕ್ಕಜಾಜೂರಿನಲ್ಲಿ ನಮ್ಮ ಹೋಟೆಲಿನಷ್ಟು ಚೊಕ್ಕಟ ಇನ್ನೊಂದಿಲ್ಲ ಎಂಬ ಹೆಸರು ಬಂತು.

ತಾಳ್ಯಕ್ಕೆ ಈ ಸುದ್ದಿ ಮುಟ್ಟಲೇ ಇಲ್ಲ. ಅವ್ವನನ್ನು ಹೊರಹಾಕಿದ ಮಾತು ಬಸ್ಸು ಹತ್ತಿ ಹೋಗಿತ್ತು. ಕೊಳಗದ ಮಾತು ಹೋಟೆಲಿನ ಮುಂದೆಯೇ ಕರಗಿಹೋಯಿತು. ಜನರ ಮುಂದೆ ಒಂದು ಮಾತು ಹೇಳಿ ಅವ್ವನನ್ನು ಕರೆದುಕೊಂಡು ಬರ್ರಿ ಎಂದು ಮಾವನನ್ನು ಕೇಳಿದೆ. "ಆಗಿಹೋದ ಮಾತು ಬಿಡಮ್ಮ" ಎಂದರು.

ಚೊಚ್ಚಲ ಹೆರಿಗೆಗೆ ತವರಿಗೆ ಹೋದೆ. ಅಷ್ಟು ಹೊತ್ತಿಗೆ ಅವ್ವನನ್ನು ರೊಪ್ಪದಿಂದ ಮನೆಗೆ ಬರಲು ಊರವರು ಬಿಟ್ಟಿದ್ದರು. ಬಿಟ್ಟಿದ್ದರು ಅಷ್ಟೇ. ಬಾವಿಯಲ್ಲಿ ಉಳಿದವರೆಲ್ಲ ಸೇದಿ ಹೋದ ಮೇಲೆ ಅವಳು ಸೇದಬೇಕಿತ್ತು. ಅವಳ ಮನೆಗೆ ಬಂದವರು ಅವಳ ಕೈಯ ನೀರು ಮುಟ್ಟುತ್ತಿರಲಿಲ್ಲ. ಸೂಲಗಿತ್ತಿ ಕೂಡ ತನ್ನ ಮನೆಯಿಂದ ಚೊಂಬು ತಂದಳು. ಏನಾಯಿತು ಎಂದು ನಾನು ಮನೆಮನೆಗೆ ಹೇಳ ಹೊರಟರೆ ಅವ್ವ ತಡೆದಳು. "ಮಗಳು ತಾಯಿ ಪರ ಮಾತಾಡ್ತಾಳೆ ಅಂತಾರೆ. ನಿಮ್ಮ ಮಾವ ಹೇಳಿದ್ದು ನಿಮ್ಮ ಮಾವನ ಬಾಯಿಂದಲೇ ಹೋಗ್ಬೇಕು" ಎಂದಳು.

ಹೆಣ್ಣು ಮಗು ಹುಟ್ಟಿತು. ಮಗು ನೋಡಲು ಮಾವ ಬರುತ್ತಾರೆಂದು ಹೇಳಿಕಳಿಸಿದರು. ಸುದ್ದಿ ತಂದ ಗಂಡನಿಗೆ ನಾನು ಹೇಳಿದೆ: ಮಾವ ಬಾಯಿ ಬಿಟ್ಟು ಏನೂ ಹೇಳುವುದು ಬೇಡ. ಜನರ ಮುಂದೆ ಅವ್ವ ಕೊಟ್ಟ ನೀರು ಕುಡಿಯಲಿ, ಅಷ್ಟೇ ಸಾಕು. ಗಂಡ ತಲೆಯಾಡಿಸಿದರು. ಈ ಸಲ ಅಪ್ಪನಿಗೆ ಹೇಳಿದರು ಕೂಡ, ಅದು ನನಗೆ ಆಮೇಲೆ ಗೊತ್ತಾಯಿತು.

ಮಾವ ಬಂದರು, ಸಕ್ಕರೆ, ಹೊಸ ಬಟ್ಟೆ ಹಿಡಿದುಕೊಂಡು. ಜಾಜೂರಿನ ಯಜಮಾನರು ಬಂದಿದ್ದಾರೆ ಎಂದು ಓಣಿಯ ಹೆಂಗಸರು ಮಗು ನೋಡುವ ನೆಪ ಮಾಡಿಕೊಂಡು ಪಡಸಾಲೆಯಲ್ಲಿ ಸೇರಿದರು. ಅವರು ನೋಡಲು ಬಂದದ್ದು ಏನೆಂದು ಎಲ್ಲರಿಗೂ ಗೊತ್ತಿತ್ತು. ಬಂದವರಿಗೆ ಮೊದಲು ಕೊಡುವುದು ನೀರು. ಅವ್ವ ಹುಣಿಸೆಹಣ್ಣಿನಲ್ಲಿ ತಿಕ್ಕಿ ಬೆಳಗಿದ ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ಎರಡೂ ಕೈಯಲ್ಲಿ ಹಿಡಿದು ನಿಂತಳು. ನಾನು ಒಳಗಿನ ಕೋಣೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ, ಮಗುವನ್ನು ಎದೆಗೆ ಹಾಕಿಕೊಂಡು.

ಮಾವ ಚೊಂಬು ನೋಡಿದರು. ಸುತ್ತ ಕುಳಿತವರನ್ನು ನೋಡಿದರು. ಈ ಕೈಯಲ್ಲಿ ಏನೂ ಇರಲಿಲ್ಲ ಎಂದು ಆ ಪಡಸಾಲೆಗೆ ಬಂದವರಲ್ಲಿ ಖಚಿತವಾಗಿ ಗೊತ್ತಿದ್ದವರು ಅವರೊಬ್ಬರು. ಒಂದು ಗುಟುಕು ಸಾಕಿತ್ತು.

"ಬ್ಯಾಡ ಬ್ಯಾಡ" ಎಂದರು. "ಈಗ ಬಸ್ ಸ್ಟ್ಯಾಂಡಾಗೆ ಸೋಡ ಕುಡಿದೆ."

ಅವ್ವ ಅಲ್ಲೇ ನಿಂತಿದ್ದಳು. ಆಮೇಲೆ ಚೊಂಬನ್ನು ಎತ್ತಿ, ಎಲ್ಲರ ಮುಂದೆ, ಅಷ್ಟನ್ನೂ ತಾನೇ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಕಾಯ್ಸಿ ಆರಿಸಿದ್ದೆ ಬೀಗರೆ" ಎಂದಳು. "ಮನ್ಯಾಗೆ ಬಾಣಂತಿ ಅದಾಳೆ."

ಪಡಸಾಲೆಯ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಅವ್ವ ಸಾಯುವ ತನಕ ತಾಳ್ಯದ ಬಾವಿಯಲ್ಲಿ ಎಲ್ಲರೂ ಸೇದಿ ಹೋದ ಮೇಲೆ ಸೇದಿದಳು.